ಬಳ್ಳಿಯಲ್ಲಿರುವಾಗ ಹೊಗಳಬಾರದು

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ಹಾಲು ಕಾಯಿಸಿದೆ, ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ, ಹಿತ್ತಲ ಕುಂಬಳದ ಹೀಚಿನ ಕೆಳಗೆ ಒಣಹುಲ್ಲು ಹಾಸಿದೆ. ಹೀಚು ಎಲ್ಲಿದೆಯೆಂದು ಪಕ್ಕದ ಮನೆಯಾಕೆ ಕೇಳಿದಾಗ ತೋರುಬೆರಳನ್ನು ಮಡಿಸಿ ಗೆಣ್ಣಿನಿಂದ ತೋರಿಸಿದೆ. ಅದು ನನ್ನ ಅತ್ತೆಯ ಬೆರಳು. ಬೆರಳು ಚಾಚಿ ತೋರಿಸಿದರೆ ಹೀಚು ಕೊಳೆಯುತ್ತದೆಂದು ಅವರು ಅದನ್ನು ಎಷ್ಟು ವರ್ಷ ಮಡಿಸಿದ್ದರೆಂದರೆ, ಕೊನೆಕೊನೆಗೆ ಬಸ್ಸು ಬಂದದ್ದನ್ನೂ ಗೆಣ್ಣಿನಿಂದಲೇ ತೋರಿಸುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಬಸವಾಪಟ್ಟಣದ ಈ ಮನೆಗೆ ಸೊಸೆಯಾಗಿ ಬಂದಾಗ, ಅತ್ತೆ ಹಿತ್ತಲಲ್ಲಿ ಬೆಳೆಯುತ್ತಿದ್ದ ಕುಂಬಳಕಾಯಿಯನ್ನು ಒಬ್ಬರಿಂದ ಎತ್ತಲಾಗುತ್ತಿರಲಿಲ್ಲ. ಅವರ ತಾಯಿ ಸೆರಗಿಗೆ ಕಟ್ಟಿ ಕಳಿಸಿದ್ದ ತವರಿನ ಬೀಜ ಅದು. ಅಷ್ಟು ದೊಡ್ಡ ಕಾಯಿ ಬೆಳೆಯುವವರು ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಜಗಳೂರಿನಾಚೆ ಸೊಕ್ಕೆಯಲ್ಲಿ ಒಬ್ಬೊಬ್ಬರಿದ್ದರು. ಕಾಯಿ ಬಲಿಯುವ ಹೊತ್ತಿಗೆ ಅತ್ತೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಅವರೆಲ್ಲರ ಬಳ್ಳಿ ನೋಡಿಬರುತ್ತಿದ್ದರು. ಅವರೂ ನಮ್ಮಲ್ಲಿಗೆ ಬರುತ್ತಿದ್ದರು. ನೋಡಿದರೂ ಹೊಗಳುವಂತಿರಲಿಲ್ಲ. ಬಳ್ಳಿಯಲ್ಲಿರುವ ಕಾಯಿಗೆ ಕಣ್ಣು ತಾಗುತ್ತದೆ. ಆದ್ದರಿಂದ ಬಾಯ್ತುಂಬ ಹಳಿಯಬೇಕು.

"ಇದೇನ್ರವ್ವಾ, ನಿಂಬೆಕಾಯಿ ಬೆಳೆದೀರೇನು?" ಎಂದು ಅತ್ತೆ ಕೇಳಿದರೆ ನ್ಯಾಮತಿಯ ಮನೆಯಾಕೆ ಸಂತೋಷಪಟ್ಟು ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕುತ್ತಿದ್ದರು.

ನನ್ನನ್ನು ಪರಿಚಯಿಸುವಾಗಲೂ ಹಾಗೆಯೇ. "ನಮ್ಮ ಸೊಸೆ. ಪಲ್ಯಕ್ಕೆ ಉಪ್ಪು ಹಾಕಾಕೂ ಬರಲ್ಲ ನೋಡ್ರಿ." ಎಲ್ಲರೂ ನಗುತ್ತಿದ್ದರು. ನನಗೆ ಚುಚ್ಚುತ್ತಿತ್ತು. ಮನೆಯಲ್ಲಿ ಅದೇ ಪಲ್ಯವನ್ನು ಎರಡು ಸಲ ಹಾಕಿಸಿಕೊಳ್ಳುವವರು ಇವರೇ ಅಲ್ಲವೆ?

ಒಂದು ವರ್ಷ ಮಳೆ ಬಿಡದೆ ಹಿಡಿದು ನಮ್ಮ ಬಳ್ಳಿ ಬುಡಸಮೇತ ಕೊಳೆಯಿತು. ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದ್ದ ಹಳೆಯ ಬೀಜ ಇಲಿಗಳ ಪಾಲಾಗಿತ್ತು. ಅತ್ತೆ ಸರಿಯಾಗಿ ಉಣ್ಣಲಿಲ್ಲ. "ನಮ್ಮವ್ವನ ಬೀಜ ಅದು" ಎಂದಷ್ಟೇ ಅಂದರು. ಅದಿನ್ನು ಉಳಿದಿದ್ದುದು ಸೊಕ್ಕೆಯ ಹಿರಿಯರೊಬ್ಬರ ಹೊಲದಲ್ಲಿ ಮಾತ್ರ. ಹಿಂದೊಮ್ಮೆ ಅತ್ತೆಯೇ ಕೊಟ್ಟಿದ್ದರು. ನಾವಿಬ್ಬರೂ ಸೊಕ್ಕೆಗೆ ಹೋದೆವು.

ಅಲ್ಲಿ ಶೇಂಗಾ ಹೊಲದ ಅಂಚಿಗೆ, ಕುರಿಗೊಬ್ಬರದ ಗುಡ್ಡೆಯ ಪಕ್ಕ, ಕರು ಮಲಗಿದ ಹಾಗೆ ಒಂದೇ ಕಾಯಿ ಮಲಗಿತ್ತು. ತೊಟ್ಟು ಒಣಗಿತ್ತು. ಮುಂದಿನ ಸಂತೆಗೆ ಅದನ್ನು ಗಾಡಿಯಲ್ಲಿ ಜಗಳೂರಿಗೆ ಒಯ್ದು ಎಲ್ಲರಿಗೂ ತೋರಿಸಬೇಕೆಂದು ಹಿರಿಯರು ಕಾದಿದ್ದರು.

"ಬೀಜ ಕೊಡಾಕೇನ್ರೀ ಅಕ್ಕಾರೆ, ಸಂತೆ ಮುಗಿದ ಮೇಲೆ ಕೊಯ್ದು ಕೊಡ್ತೀನಿ" ಅಂದರು. "ಆದ್ರೆ ಇಷ್ಟು ವರ್ಷ ನನ್ನ ಕಾಯಿನ ಬೈದೇ ಹೋಗೀರಿ. ಇವತ್ತು ಒಂದ್ಸಲ ಚೆಂದಾಗೈತೆ ಅನ್ರಿ. ನಿಮ್ಮ ಬಾಯಾಗೆ ಕೇಳ್ಬೇಕು."

ನಾನು ಅತ್ತೆಯ ಮುಖ ನೋಡಿದೆ. ಒಂದೇ ಮಾತು, ತವರಿನ ಬೀಜ ಕೈಗೆ ಬರುತ್ತಿತ್ತು. ಅತ್ತೆ ಸೆರಗು ಕೊಡವಿ ಎದ್ದರು.

"ಬೀಜ ಹೋದ್ರೆ ಹೋಗ್ಲಿ ಬಿಡ್ರಿ ಅಣ್ಣಾರೆ. ಸಂತೆಗೆ ಹೋಗೋ ಕಾಯಿಗೆ ನಾನು ಕಣ್ಣು ಹಚ್ಚಲ್ಲ. ಮಜ್ಜಿಗೆ ಗಡಿಗೆಯಷ್ಟೂ ಇಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಹೇಳಿ ನನ್ನ ಕೈ ಹಿಡಿದು ಹೊರಟರು. ನಾವು ಬದು ದಾಟುವಷ್ಟರಲ್ಲಿ ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಹಿರಿಯರು ಕೊಡಲಿಯಿಂದ ಕಾಯಿಯನ್ನು ಎರಡು ಹೋಳು ಮಾಡಿ ನಿಂತಿದ್ದರು.

"ಈಗ ಹೇಳ್ರಿ. ಇನ್ನು ಯಾವ ಕಣ್ಣೂ ತಾಗಲ್ಲ."

"ಅಯ್ಯೋ, ಸಂತೆ?" ಅತ್ತೆ ಓಡಿಬಂದರು.

"ಸಂತೆ ಮಂದಿಗೆ ಏನು ಗೊತ್ತಾಗ್ತೈತ್ರೀ? ಹೇಳ್ರಿ ಅಂದ್ರೆ!"

ಅತ್ತೆ ಅಲ್ಲೇ ಕುಳಿತು ಹೊಂಬಣ್ಣದ ತಿರುಳಿನ ಮೇಲೆ ಅಂಗೈ ಇಟ್ಟರು. ಮಡಿಸಿದ್ದ ಬೆರಳೂ ಬಿಚ್ಚಿಕೊಂಡಿತ್ತು. "ಎಂಥಾ ಕಾಯಿ ಬೆಳೆದೀರಿ ಅಣ್ಣಾರೆ! ನಮ್ಮವ್ವ ಇದ್ದಿದ್ರೆ ನೋಡಾಕೆ ನಡ್ಕಂಡು ಬರ್ತಿದ್ಲು."

ಹಿರಿಯರು ಪಂಚೆಯಂಚಿನಿಂದ ಮೂಗು ಒರೆಸಿಕೊಂಡರು.

ಹಿಂದಿರುಗುವ ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ: "ನನ್ನ ಉಪ್ಪನ್ನೂ ಅದಕ್ಕೇ ಬೈತೀರೇನು ಅತ್ತೆ?"

ಅವರು ಸೆರಗಿನ ತುದಿಯ ಬೀಜದ ಗಂಟನ್ನು ಮುಟ್ಟಿ ನೋಡಿಕೊಂಡು ಕಿಟಕಿಯ ಕಡೆ ತಿರುಗಿದರು. "ನೀನಿನ್ನೂ ಬಳ್ಳಿಯಾಗೇ ಇದೀಯಲ್ಲೇ."

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಇನ್ನು ಹೇಳಬಹುದು. ಅವರಂಥ ಹೆಂಗಸನ್ನು ನಾನು ಕಂಡಿಲ್ಲ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಆ ಬೀಜದಿಂದಲೇ ಬಂದು ಅಟ್ಟದ ಮೇಲೆ ಉಳಿದಿದ್ದ ಹೋದ ವರ್ಷದ ಕಾಯಿಯ ಪಲ್ಯ. ಪಲ್ಯ ಮಾಡಿದ್ದು ಮಗಳು. ನಾನು ಎರಡು ಸಲ ಹಾಕಿಸಿಕೊಂಡೆ. ಉಪ್ಪು ಜಾಸ್ತಿಯಾಗಿತ್ತು ಎಂದಷ್ಟೇ ಇಲ್ಲಿ ಬರೆಯುತ್ತೇನೆ. ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು.