ಹರಳೆಣ್ಣೆ ತೇಲಿದ ಬಿಸಿನೀರಿನ ಹೊಂಡ

ಅಮೆರಿಕದ ಕರ್ಕ್‌ಲ್ಯಾಂಡ್‌ನ ಕಚೇರಿಯಲ್ಲಿ ಶಿವಕುಮಾರ್ ದನಿ ಎತ್ತಿದ್ದನ್ನು ಕೇಳಿದವರಿಲ್ಲ. ಸಾಫ್ಟ್‌ವೇರ್ ಪರೀಕ್ಷಿಸುವುದು ಅವರ ಕೆಲಸ. ದೊಡ್ಡ ತಪ್ಪು ಕಂಡರೂ ‘ಬಿಡುವಾದಾಗ ನೋಡಿ’ ಎಂದೇ ಬರೆಯುತ್ತಿದ್ದರು. 2004ರ ದೀಪಾವಳಿಯಲ್ಲಿ, ಆರೆಗಾನ್‌ನ ಮರುಭೂಮಿಯಲ್ಲಿ, ಅವರು ಒಬ್ಬ ಮನುಷ್ಯನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದರು.

ಮಂಡ್ಯದ ಮನೆಯಲ್ಲಿ ನರಕ ಚತುರ್ದಶಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ದುಕೊಂಡು ಬೆಳೆದವರು ಅವರು. ಅಪಾರ್ಟ್‌ಮೆಂಟಿನ ಹೀಟರ್ ಒಬ್ಬರ ತಲೆ ತೊಳೆಯುವಷ್ಟರಲ್ಲಿ ತಣ್ಣೀರು ಬಿಡುತ್ತಿತ್ತು. ಒಲೆ ಹಚ್ಚದೆ ನೆಲದಿಂದಲೇ ಉಕ್ಕುವ ಬಿಸಿನೀರು ಆರೆಗಾನ್‌ನಲ್ಲಿ ಇದೆಯೆಂದು ಸಹೋದ್ಯೋಗಿಯೊಬ್ಬ ಹೇಳಿದ್ದೇ ತಡ, ಹೆಂಡತಿ ಪ್ರತಿಭಾ ಜೊತೆ ಇಡೀ ದಿನ ಕಾರು ಓಡಿಸಿ ಅಲ್ಲಿಗೆ ಹೋದರು.

ಸುತ್ತ ಬೂದು ಬಣ್ಣದ ಕುರುಚಲು ಪೊದೆಗಳು, ಬಿರುಕುಬಿಟ್ಟ ಉಪ್ಪುನೆಲ, ನಡುವೆ ಹಬೆಯಾಡುವ ಹೊಂಡ. ಮರುದಿನ, ಹಬ್ಬದ ಬೆಳಿಗ್ಗೆ, ಶಿವಕುಮಾರ್ ಹೆಂಡತಿಯಿಂದ ಮೈತುಂಬ ಹರಳೆಣ್ಣೆ ತಿಕ್ಕಿಸಿಕೊಂಡು, ಸೀಗೆಪುಡಿ ಹಿಡಿದು ನೇರ ನೀರಿಗಿಳಿದರು. ಹೊರಗೆ ಮೊಗೆದುಕೊಂಡು ಮೀಯಬೇಕೆಂಬುದು ಹೊಳೆಯಲಿಲ್ಲ. ಎಣ್ಣೆ ನೀರಿನ ಮೇಲೆ ಹಳದಿ ಪದರವಾಗಿ ಹರಡಿತು.

ಆಗ ಒಂದು ಪಿಕಪ್ ಟ್ರಕ್ ಬಂದು ನಿಂತಿತು. ಇಳಿದವನು ಡ್ವೇನ್, ಹತ್ತಿರದ ದನದ ಫಾರ್ಮಿನ ಕೆಲಸಗಾರ. ಆ ಹೊಂಡಕ್ಕೆ ಕಲ್ಲು ಕಟ್ಟಿದವನೂ ಪಾಚಿ ತೆಗೆಯುವವನೂ ಅವನೇ. ಅದಕ್ಕೆಂದೇ ಸಲಿಕೆ ಹಿಡಿದು ಬಂದಿದ್ದ.

“ಇದೇನು ನಿನ್ನ ಬಚ್ಚಲಾ?” ಎಂದು ಇಂಗ್ಲಿಷಿನಲ್ಲಿ ಅರಚಿದ.

“ಸಾರಿ. ಇವತ್ತು ನಮ್ಮ ಹಬ್ಬ.”

“ನಿನ್ನ ಹಬ್ಬಕ್ಕಿಷ್ಟು ಬೆಂಕಿ ಹಾಕ! ಹೊರಗೆ ಬಾ!”

ಏಳುವ ಮೊದಲೇ ಸಲಿಕೆ ಭುಜಕ್ಕೆ ಬಡಿಯಿತು. ಎರಡನೇ ಏಟಿಗೆ ಹುಬ್ಬು ಸೀಳಿತು. ಡ್ವೇನ್ ಸಲಿಕೆ ಎಸೆದು ಕುತ್ತಿಗೆಗೆ ಕೈ ಹಾಕಿದ. ಎಣ್ಣೆಗೆ ಹಿಡಿತ ಜಾರಿ, ಮುಗ್ಗರಿಸಿ ತಾನೇ ನೀರಿಗೆ ಬಿದ್ದ. ಶಿವಕುಮಾರ್ ಅವನ ಬೆನ್ನ ಮೇಲೆ ಮಂಡಿ ಊರಿ, ಕೂದಲು ಹಿಡಿದು, ಮುಖವನ್ನು ತಳದ ಕೆಸರಿಗೆ ಒತ್ತಿದರು. ಕೈಕಾಲು ಬಡಿದವು. ಆಮೇಲೆ ಬರೀ ಗುಳ್ಳೆ.

“ಬಿಡ್ರೀ! ಸತ್ತೋಗ್ತಾನೆ!” ಪ್ರತಿಭಾ ದಡದಿಂದ ಕೂಗಿದರು.

“ಅವನು ನನ್ನ ಬಿಟ್ನಾ?”

ಪ್ರತಿಭಾ ಸಲಿಕೆ ಎತ್ತಿ ಗಂಡನ ಬೆನ್ನಿಗೇ ಬಾರಿಸಿದರು. ಅವರು ಕೈ ಬಿಟ್ಟರು.

ಇಬ್ಬರೂ ಸೇರಿ ಡ್ವೇನ್‌ನನ್ನು ದಡಕ್ಕೆಳೆದರು. ಬೆನ್ನು ಒತ್ತಿದಾಗ ಕೆಸರುನೀರು ಕಾರಿ ಒಂದು ಉಸಿರೆಳೆದ, ಕಣ್ಣು ಬಿಡಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಅವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಆಸ್ಪತ್ರೆಯಿರುವ ಊರಿನತ್ತ ಹೊರಟರು. ಅವನ ತಲೆ ಪ್ರತಿಭಾ ಅವರ ತೊಡೆಯ ಮೇಲಿತ್ತು. ಶಿವಕುಮಾರ್ ಅವರ ಹುಬ್ಬಿನಿಂದ ರಕ್ತ ಸ್ಟೀರಿಂಗ್ ಮೇಲೆ ತೊಟ್ಟಿಕ್ಕುತ್ತಿತ್ತು.

“ಉಸಿರಿದ್ಯಾ?”

“ಇದೆ. ರಸ್ತೆ ನೋಡಿ.”

“ಈಗ?”

“ಇದೆ ರೀ! ಮುಳುಗಿಸೋವಾಗ ಇಷ್ಟು ಕೇಳಿದ್ರಾ?”

ಡಾಂಬರು ರಸ್ತೆ ಸಿಗುವ ಹೊತ್ತಿಗೆ ಡ್ವೇನ್ ಕೆಮ್ಮಿದ, ಕಣ್ಣು ಬಿಟ್ಟ. ಶಿವಕುಮಾರ್‌ರನ್ನು, ಅವರ ತಾಯಿಯನ್ನು, ಅವರ ದೇಶವನ್ನು, ಅವರ ಕಾರನ್ನು ಒಂದೊಂದಾಗಿ ಬೈಯತೊಡಗಿದ. ಶಿವಕುಮಾರ್ ಕಾರನ್ನು ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಬೈಗುಳ ನಿಲ್ಲಲಿಲ್ಲ.

“ಬೈಸ್ಕೊಂಡೇ ಓಡಿಸಿ,” ಎಂದರು ಪ್ರತಿಭಾ.