ಖಾಲಿ ಕೋಣೆಯಲ್ಲಿ ಕಟ್ಟಿದ ಪ್ಯಾಕೇಜು

ಮಕ್ಕಳೇ, ಬಾಯಿಬಿಟ್ಟು ಕೇಳುವುದು ನನಗೆ ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ನನ್ನ ಸೆರಗಿನ ಮೇಲೆ ಕುಳಿತರೆ, ಅವರು ಏಳುವ ತನಕ ಕಾದು, ಮುಂದಿನ ನಿಲ್ದಾಣದಿಂದ ನಡೆದು ಬರುವವಳು ನಾನು.

ಮದುವೆಯಾಗಿ ಉಡುಪಿ ಕಡೆಯ ಹಳ್ಳಿಯಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬರುವಾಗ ಗೋಣಿ ತುಂಬ ತೆಂಗಿನಕಾಯಿ ತಂದಿದ್ದೆ, ತುರಿಮಣೆ ತಂದಿರಲಿಲ್ಲ. ತವರಿನಲ್ಲಿ ಅದು ಸದಾ ಮೂಲೆಯಲ್ಲಿರುತ್ತಿತ್ತಲ್ಲ, ಎಲ್ಲ ಮನೆಗಳಲ್ಲೂ ತಾನಾಗಿ ಹುಟ್ಟಿಕೊಂಡಿರುತ್ತದೆ ಎಂದು ನಂಬಿದ್ದೆ. ಪಕ್ಕದ ಮರಾಠಿ ಮನೆಯಲ್ಲಿ ಕೇಳಲು ನಾಚಿಕೆ. ಕೆಲವು ದಿನ ಕಾಯಿಯಿಲ್ಲದ ಸಾರು ಉಂಡು ನಿಮ್ಮ ಅಜ್ಜನೇ ಹೋಗಿ ಕೇಳಿ ತಂದರು. ಅಂದಿನಿಂದ ನನ್ನ ಪರವಾಗಿ ಕೇಳುವ ಕೆಲಸವೆಲ್ಲ ಅವರದಾಯಿತು.

ಅವರು ತೀರಿಹೋದ ಮೇಲೆ ಠಾಕುರ್ಲಿಗೆ, ನಿಮ್ಮ ಮನೆಗೆ ಬಂದೆ. ನಿಮಗೆ ಶಾಲೆ, ಟ್ಯೂಷನ್. ನನ್ನ ಮಗಳಿಗೆ, ಅಂದರೆ ನಿಮ್ಮ ಅಮ್ಮನಿಗೆ ಬೇಲಾಪುರದ ಆಫೀಸು. ಭಾನುವಾರ ಮತ್ತೆ ಕಂಪ್ಯೂಟರು. ಲೋಕಲ್ ಟ್ರೇನುಗಳ ಸದ್ದು ಕೇಳುತ್ತ ನಾನು ಹೊತ್ತು ಕಳೆಯುತ್ತಿದ್ದೆ. ಮನೆ ತುಂಬಿತ್ತು, ಮಾತು ಮಾತ್ರ ಇರಲಿಲ್ಲ.

ಒಂದು ಭಾನುವಾರ ಚಹಾ ಕೊಡಲು ಹೋಗಿ ಅವಳ ಹಿಂದೆ ನಿಂತೆ. ಮಾಡುತ್ತಿದ್ದ ಕೆಲಸವನ್ನು ಅವಳೇ ಬಿಡಿಸಿ ಹೇಳಿದಳು. ಲಿನಕ್ಸ್ ಎಂದರೆ ಊರೂರಿನವರು ಸೇರಿ ಕಟ್ಟಿದ, ಕಂಪ್ಯೂಟರು ನಡೆಸುವ ವ್ಯವಸ್ಥೆಯಂತೆ. ಡೇಟಾಬೇಸ್ ಎಂಬುದು ಮಾಹಿತಿಯ ಉಗ್ರಾಣ. ಅದರೊಳಗೆ ಎಲ್ಲರೂ ನುಗ್ಗುವಂತಿಲ್ಲ. ಬೇಕಾದ್ದನ್ನು ಕೇಳಿ ತಂದುಕೊಡಲು ಲೈಬ್ರರಿ ಎಂಬ ಒಂದು ಸಣ್ಣ ಪ್ರೋಗ್ರಾಮು ಬೇಕು. ಅಜ್ಜನ ಹೋಟೆಲಿನ ಸಪ್ಲೈಯರ್ ಇದ್ದ ಹಾಗೆ ಎಂದು ನಾನು ತಿಳಿದುಕೊಂಡೆ. ಆ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು ಕೈಬಿಟ್ಟಿದ್ದರು. ಅದು ನಡೆಯಲು ಏನೇನು ಬೇಕೆಂದು ಬರೆದು, ಯಾರಾದರೂ ಸರಿಯಾಗಿ ಪ್ಯಾಕೇಜು ಮಾಡಿ ಕೊಡದಿದ್ದರೆ ಲಿನಕ್ಸಿನ ಮುಂದಿನ ಆವೃತ್ತಿಯಲ್ಲಿ ಅದಕ್ಕೆ ಜಾಗವಿಲ್ಲ. ದಿಕ್ಕಿಲ್ಲದ್ದನ್ನು ಕಂಡರೆ ಮನೆಗೆ ತರುವ ಬುದ್ಧಿ ನಿಮ್ಮ ಅಮ್ಮನಿಗೆ ಚಿಕ್ಕಂದಿನಿಂದಲೂ ಇದೆ. ನನ್ನನ್ನೂ ತಂದಳಲ್ಲ!

"ನಿನ್ನೆ ಇಲ್ಲಿ ಚಂದ ನಡೀತಿತ್ತಮ್ಮ, ಇವತ್ತು ಬೇರೆಯವರ ಕಂಪ್ಯೂಟರಲ್ಲಿ ಬಿತ್ತು" ಎಂದಳು. "ನನ್ನ ಕಂಪ್ಯೂಟರಲ್ಲಿ ಬೇಕಾದ್ದೆಲ್ಲ ಮೊದಲೇ ಉಂಟು, ಅದಕ್ಕೇ ಗೊತ್ತಾಗ್ಲಿಲ್ಲ. ಏನೂ ಇಲ್ಲದ ಖಾಲಿ ಕೋಣೆ ಥರ ಮಾಡಿ ಅದ್ರಲ್ಲಿ ಕಟ್ಟಿ ನೋಡ್ಬೇಕು. ಆಗ ಎಂತ ಕೊರತೆ ಅಂತ ತಿಳೀತದೆ."

"ಅದೇ ಹೇಳ್ತದಾ?"

"ಹೇಳದೆ ಎಂತ? ಅಲ್ಲೇ ನಿಂತು, ಹೆಸರು ಹಿಡಿದು ಕೇಳ್ತದೆ. ನಿನ್ನ ಹಾಗಲ್ಲ ಮಾರಾಯ್ತಿ!"

ಸೋಫಾದಿಂದ ನಿಮ್ಮಲ್ಲೊಬ್ಬರು ಕೂಗಿದಿರಿ: "ಅಜ್ಜಿ ತೋ ಎರರ್ ಭೀ ನಹೀಂ ದೇತೀ!" ಕೆಟ್ಟರೆ ಕಂಪ್ಯೂಟರಾದರೂ ಎರರ್ ತೋರಿಸುತ್ತದೆ, ಅಜ್ಜಿ ಅದನ್ನೂ ತೋರಿಸುವುದಿಲ್ಲ ಎಂದು.

ನಾನೂ ನಕ್ಕು ಲೋಟ ತೆಗೆದುಕೊಂಡು ಒಳಗೆ ಹೋದೆ. ನೀರು ಬಿಟ್ಟು ತೊಳೆಯುತ್ತಿದ್ದಾಗ ನಗು ನಿಂತುಹೋಯಿತು. ಅಜ್ಜ ಇರುವ ತನಕ ನಾನು ಯಾವುದಕ್ಕೆಲ್ಲ ಅವರಿಗೆ ಒರಗಿಕೊಂಡಿದ್ದೆ ಎಂದು ನನಗೇ ತಿಳಿದಿರಲಿಲ್ಲ. ಈಗ ತಿಳಿದಿತ್ತು, ಯಾರಿಗೂ ಹೇಳಿರಲಿಲ್ಲ. ಒದ್ದೆ ಕೈಯಲ್ಲೇ ಹಿಂತಿರುಗಿದೆ.

"ದಿನಾ ಸಂಜೆ ಆಫೀಸಿಂದ ಬಂದ್ಮೇಲೆ ಸ್ವಲ್ಪ ಹೊತ್ತು ನನ್ನ ಹತ್ರ ಕೂತ್ಕೊಳ್ತೀಯಾ? ಮಾತಾಡದಿದ್ರೂ ಅಡ್ಡಿಲ್ಲ."

ಅವಳ ಬೆರಳು ನಿಂತವು. ಆಮೇಲೆ ಕಾಲಿನಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ತನ್ನ ಪಕ್ಕಕ್ಕೆ ತಂದಳು. "ಸಂಜೆ ಎಂತಕ್ಕೆ? ಈಗ್ಲೇ ಕೂತ್ಕೊ."

ಲೈಬ್ರರಿ ಅಂದೇ ಎದ್ದು ನಿಂತಿತು. ಬಾಯಿಬಿಟ್ಟು ಕೇಳಲು ಕಲಿಯುವ ನನ್ನ ಕೆಲಸ ಇನ್ನೂ ಪೂರ್ತಿಯಾಗಿಲ್ಲ. ನೀವೂ ಹೀಗೆ ಎಲ್ಲೋ ಒಬ್ಬರೇ ಆದಾಗ ಏನು ಬೇಕೆಂದು ಕೇಳಿಬಿಡಿ ಮಕ್ಕಳೇ, ಯಾವ ಭಾಷೆಯಲ್ಲಾದರೂ ಸರಿ. ಮೊದಲ ಸಲ ಸ್ವರ ಸ್ವಲ್ಪ ನಡುಗುತ್ತದೆ, ಅಷ್ಟೇ.