ಕ್ರೇನಕ್ಕನಿಗೆ ವ್ಯಾಯಾಮ ಸಾಲದು

ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಇಪ್ಪತ್ತೊಂದು ವರ್ಷ ಆಯಾ ಕೆಲಸ ಮಾಡಿದ ಹೆಂಗಸಿಗೆ, ಹೈಸ್ಕೂಲು ಪಾಸಾಗಲು ಬೇಕಾದಷ್ಟು ಮೈ ಬಗ್ಗಿಸಿಲ್ಲ ನೀವು ಎಂದು ಸಂಜೆ ಶಾಲೆಯ ಗುಮಾಸ್ತನೊಬ್ಬ ಹೇಳಿದ. ಕುರ್ಚಿಯಲ್ಲಿ ಕೂತೇ ಹೇಳಿದ. ಫೈಲು ತೆಗೆಯಲು ಕೂಡ ಎದ್ದಿರಲಿಲ್ಲ ಮಹಾರಾಯ, ಕಪಾಟಿನಿಂದ ಅದನ್ನು ಆಕೆಯ ಕೈಲೇ ಇಳಿಸಿಕೊಂಡಿದ್ದ.

ಆ ವಾರ್ಡು ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟು ವರ್ಷದಲ್ಲಿ ಎಂಟು ತಿಂಗಳು ರಿಪೇರಿಯಲ್ಲಿರುತ್ತದೆ. ಮೂವತ್ತೆರಡು ಹಾಸಿಗೆ, ಅವುಗಳಲ್ಲಿ ಹತ್ತು ಹನ್ನೆರಡು ಮಂದಿ ತಾವಾಗಿ ಮಗ್ಗುಲು ಬದಲಿಸಲಾರದವರು. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಅವರ ಬೆನ್ನು ಹುಣ್ಣಾಗುತ್ತದೆ. ಈಕೆ ಹಾಸಿಗೆಯ ಪಕ್ಕ ಕಾಲು ಅಗಲಿಸಿ ನಿಂತು, ಮೊಣಕಾಲು ಬಗ್ಗಿಸಿ, "ಉಸಿರು ಬಿಡಿ ಅಣ್ಣ, ನಾನಿದೀನಿ" ಎಂದು ಹೇಳಿಯೇ ಎತ್ತುವಳು. ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ ಗಾರೆ ಕೆಲಸದವನೊಬ್ಬ, ತನ್ನಂಥ ಎಂಬತ್ತು ಕಿಲೋ ಆಳನ್ನು ಆಕೆ ಹೂವಿನ ಹಾಗೆ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದ್ದು ಕಂಡು, "ನೀವು ಅಕ್ಕ ಅಲ್ಲ, ಕ್ರೇನಕ್ಕ" ಅಂದುಬಿಟ್ಟ. ಅವನು ಗುಣವಾಗಿ ಮನೆಗೆ ಹೋದ, ಹೆಸರು ಮಾತ್ರ ವಾರ್ಡಿನಲ್ಲೇ ಉಳಿಯಿತು.

ಕ್ರೇನಕ್ಕನಿಗೆ ಸಹಾಯಕ ನರ್ಸ್ ಆಗಬೇಕಿತ್ತು. ಆಸೆ ಇವತ್ತು ನಿನ್ನೆಯದಲ್ಲ. ಇಪ್ಪತ್ತರ ಹುಡುಗಿಯರು ಬರುತ್ತಿದ್ದರು, ರೋಗಿಯನ್ನು ಹೇಗೆ ಹಿಡಿಯಬೇಕೆಂದು ಈಕೆಯಿಂದಲೇ ಕಲಿಯುತ್ತಿದ್ದರು, ಆರು ತಿಂಗಳಿಗೆ ಈಕೆಗೇ "ಆಯಾ, ಬಕೆಟ್ ತಗೊಂಡು ಬಾ" ಎನ್ನುತ್ತಿದ್ದರು. ಆಸ್ಪತ್ರೆಯವರು ತಮ್ಮ ನೌಕರರಿಗೇ ತರಬೇತಿ ಕೊಡುತ್ತಿದ್ದರು. ಆದರೆ ಹೈಸ್ಕೂಲು ಸರ್ಟಿಫಿಕೇಟು ಇರಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಆಕೆಗೆ ನಲವತ್ತೈದು ತುಂಬಲು ಇನ್ನು ಮೂರು ತಿಂಗಳಿತ್ತು. ಈ ಸಲ ತಪ್ಪಿದರೆ ಬಕೆಟ್ಟೇ ಗತಿ.

ಅದಕ್ಕೆಂದೇ ಎರಡು ವರ್ಷದ ಹಿಂದೆ ಸಂಜೆ ಶಾಲೆಗೆ ಸೇರಿದ್ದಳು. ಸೇರುವ ದಿನ ವಿಷಯ ಆರಿಸುವ ಫಾರಂ ಕೊಟ್ಟವನೂ ಇದೇ ಗುಮಾಸ್ತ. ಆರಿಸಲು ಬಂದವರಿಗೆ ಆರಿಸಲು ಬಿಡದೆ ತಾನೇ ಆರಿಸಿಕೊಡುವುದು ಅವನ ರೂಢಿ.

"ಈ ವಯಸ್ಸಲ್ಲಿ ಜೀವಶಾಸ್ತ್ರ ಯಾಕಮ್ಮ? ಗೃಹವಿಜ್ಞಾನ ತಗೊಳ್ಳಿ. ಅಡುಗೆ ಹೇಗೂ ಗೊತ್ತಿರುತ್ತೆ."

"ಗೊತ್ತಿರೋದನ್ನ ಮತ್ತೆ ಕಲಿಯೋದು ಯಾಕೆ ಸಾರ್? ಜೀವಶಾಸ್ತ್ರ ಬರೀರಿ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂದು ಗೊಣಗುತ್ತ ಬರೆದ. ಕೊನೆಯಲ್ಲಿ ದೈಹಿಕ ಶಿಕ್ಷಣ ಎಂಬ ಕಾಲಂ ಇತ್ತು. ಅದರ ಮೇಲೆ ಅವನೇ ಅಡ್ಡಗೆರೆ ಎಳೆದ. "ಇದು ಹುಡುಗರಿಗೆ. ನಿಮಗೆ ಬೇಡ" ಅಂದ. ಈಕೆ ನಂಬಿದಳು. ಕಚೇರಿಯ ಕುರ್ಚಿಯಲ್ಲಿ ಕೂತವರು ತಿಳಿದೇ ಹೇಳುತ್ತಾರೆಂದು ನಂಬುವುದು ನಮ್ಮಂಥವರ ಹಳೇ ಕಾಯಿಲೆ.

ಎರಡು ವರ್ಷ ಆಕೆ ಓದಿದ ಪಾಡು ಆಕೆಗೇ ಗೊತ್ತು, ಅಲ್ಪಸ್ವಲ್ಪ ಆಕೆಯ ಅತ್ತೆಗೆ ಗೊತ್ತು. ಅತ್ತೆಗೆ ಓದು ಬಾರದು, ಕಿವಿ ಮಾತ್ರ ಬಲು ಚುರುಕು. ಸೊಸೆ ಎಲುಬುಗಳ ಹೆಸರು ಬಾಯಿಪಾಠ ಮಾಡಿದ್ದೆಲ್ಲ ಅತ್ತೆಯ ಮೈಮೇಲೆಯೇ. ಸಂಜೆ ಎಣ್ಣೆ ತಿಕ್ಕುತ್ತ ಮಂಡಿಯಿಂದ ಶುರುಮಾಡಿ ಬೆನ್ನುಮೂಳೆಯವರೆಗೆ ಹೇಳಿಕೊಂಡು ಹೋಗುವಳು. ಒಂದು ಎಲುಬು ಬಿಟ್ಟರೂ ಅತ್ತೆ ಬಿಡುವವಳಲ್ಲ. "ನಿನ್ನೆ ಇಲ್ಲಿ ಇನ್ನೊಂದಿತ್ತಲ್ಲೇ, ಎಲ್ಲಿ ಹೋಯ್ತು?" ಎಂದು ಮೊಣಕೈ ಚಾಚುವಳು.

ಫಲಿತಾಂಶ ಬಂದಾಗ ಎಲ್ಲದರಲ್ಲೂ ಪಾಸು. ಜೀವಶಾಸ್ತ್ರದಲ್ಲಿ ತರಗತಿಗೇ ಹೆಚ್ಚು ಅಂಕ. ಸೋಮವಾರ ಸರ್ಟಿಫಿಕೇಟಿಗೆ ಹೋದಳು. ತರಬೇತಿಯ ಅರ್ಜಿಗೆ ಶನಿವಾರ ಐದು ಗಂಟೆಯೇ ಕೊನೆ. ಗುಮಾಸ್ತ ಫೈಲು ತಿರುವಿಹಾಕಿ ತುಟಿ ಲೊಚಗುಟ್ಟಿದ.

"ದೈಹಿಕ ಶಿಕ್ಷಣ ಖಾಲಿ ಇದೆಯಲ್ಲಮ್ಮ. ನಲವತ್ತು ಗಂಟೆ ಮೈದಾನ ಇಲ್ಲದೆ ಸರ್ಟಿಫಿಕೇಟ್ ಇಲ್ಲ. ಮುಂದಿನ ವರ್ಷ ಬನ್ನಿ."

"ನೀವೇ ಗೆರೆ ಎಳೆದ್ರಲ್ಲ ಸಾರ್, ಬೇಡ ಅಂತ!"

"ನಾನಾ? ಕೆಳಗೆ ಸಹಿ ಯಾರದ್ದು ನೋಡಿ."

ಸಹಿ ಆಕೆಯದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಗೆರೆ ಇವನದು, ಬರೆ ಆಕೆಗೆ! ಕ್ರೇನಕ್ಕನ ಮೈಯೆಲ್ಲ ಉರಿದುಹೋಯಿತು. ಆದರೂ ನಾಲಿಗೆ ಕಚ್ಚಿಕೊಂಡು ಆಸ್ಪತ್ರೆಗೆ ಹೋಗಿ, ಹೆಡ್‌ನರ್ಸ್ ಹತ್ತಿರ ಒಂದು ಪತ್ರ ಬರೆಸಿಕೊಂಡು ಮಾರನೇ ದಿನ ಮತ್ತೆ ಬಂದಳು. ದಿನಕ್ಕೆ ಇಷ್ಟು ಸಲ ರೋಗಿಗಳನ್ನು ಎತ್ತುತ್ತಾಳೆ, ಇಷ್ಟು ಸಲ ಮೂರು ಮಹಡಿ ಹತ್ತಿಳಿಯುತ್ತಾಳೆ, ಇಷ್ಟು ವರ್ಷದಿಂದ ಎಂದು ಪತ್ರದಲ್ಲಿ ಎಲ್ಲವೂ ಇತ್ತು. ಗುಮಾಸ್ತ ಅದನ್ನು ಅರ್ಧಕ್ಕೇ ಮಡಚಿ ಹಿಂದಕ್ಕೆ ತಳ್ಳಿದ.

"ಕೆಲಸ ಬೇರೆ, ವ್ಯಾಯಾಮ ಬೇರೆ ಕಣಮ್ಮ. ಸಂಬಳ ತಗೊಂಡು ಎತ್ತಿದ್ದು ವ್ಯಾಯಾಮ ಆಗಲ್ಲ."

ಈ ಮಾತು ಕೇಳಿ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಇಪ್ಪತ್ತೊಂದು ವರ್ಷ ಜನರನ್ನು ಎತ್ತಿದ್ದು ಲೆಕ್ಕಕ್ಕಿಲ್ಲವಂತೆ. ಅದೇ ಹದಿನಾರರ ಪೋರ ಮೈದಾನದ ಮೂಲೆಯಲ್ಲಿ ಮರದ ಕೆಳಗೆ ಕೂತು ನಲವತ್ತು ಗಂಟೆ ಕಡಲೆಕಾಯಿ ತಿಂದರೂ ಅದು ದೈಹಿಕ ಶಿಕ್ಷಣವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ಇಂಥವನ ಮೇಜಿನ ಮುಂದೆ ನಿಂತು ಬಂದವರೇ ಇರಬೇಕು.

ಮನೆಗೆ ಬಂದವಳೇ ಚೀಲ ಬಿಸಾಡಿ ಅಳುವುದಕ್ಕೆ ಕೂತಳು. ದುಃಖಕ್ಕಲ್ಲ, ಸಿಟ್ಟಿಗೆ. ಅತ್ತೆ ಪೂರಾ ಕೇಳಿಸಿಕೊಂಡಳು.

"ಅತ್ತಿದ್ದು ಸಾಕು. ಸೇರೋವಾಗ ಒಂದು ಪುಸ್ತಕ ಕೊಟ್ಟಿದ್ರಲ್ಲ, ನಿಯಮದ್ದು, ಅದನ್ನ ಓದು."

"ಅದರಲ್ಲೇನಿದೆ ಅತ್ತೆ, ಬರೀ ಮಣ್ಣು."

"ಮಣ್ಣಾದ್ರೂ ಓದು. ಅವನು ಓದಿಲ್ಲ ಅನ್ನೋದಂತೂ ಖಾತ್ರಿ."

ಓದಿದಳು. ಹನ್ನೊಂದನೇ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ, ನಲವತ್ತು ಗಂಟೆ ಹಾಜರಾಗದವರು ಪಟ್ಟಿಯಲ್ಲಿರುವ ಯಾವುದಾದರೂ ಒಂದು ಆಟದ ಪರೀಕ್ಷೆ ಕೊಟ್ಟು ಪಾಸಾಗಬಹುದು ಎಂದಿತ್ತು. ಓಟ, ಉದ್ದ ಜಿಗಿತ, ಎತ್ತರ ಜಿಗಿತ, ಈಜು, ಚೆಂಡಾಟ, ಗುಂಡು ಎಸೆತ, ಭಾರ ಎತ್ತುವುದು...

"ಏಳನೇದು ಇನ್ನೊಂದ್ಸಲ ಓದು," ಅಂದಳು ಅತ್ತೆ.

ಸೊಸೆ ಓದಿದಳು. ಹೆಂಗಸರಿಗೆ ನಲವತ್ತು ಕಿಲೋ, ನೆಲದಿಂದ ತಲೆಯ ಮೇಲಕ್ಕೆ, ಮೂರು ಸಲ. ಅತ್ತೆ ಬೊಚ್ಚುಬಾಯಿ ತೆರೆದು ನಕ್ಕಳು. "ನಾನೇ ನಲವತ್ತೈದು ಇದೀನಿ ಕಣೇ. ದಿನಾ ಬಚ್ಚಲಿಗೆ ಎತ್ಕೊಂಡು ಹೋಗ್ತೀಯ!"

ಬುಧವಾರ ಅರ್ಜಿ ಕೊಟ್ಟಳು. ಗುಮಾಸ್ತ ಪುಟ ಹನ್ನೊಂದನ್ನು ಎರಡು ಸಲ ಓದಿ, ವ್ಯಾಯಾಮ ಮೇಷ್ಟ್ರು ರಜೆಯಲ್ಲಿದ್ದಾರೆ, ಶನಿವಾರ ಮಧ್ಯಾಹ್ನ ಬರುತ್ತಾರೆ ಅಂದ. ಹೇಳುವಾಗ ಅವನ ಮುಖದಲ್ಲಿ ಒಂದು ಸಣ್ಣ ನೆಮ್ಮದಿಯಿತ್ತು. ಶನಿವಾರ ಐದು ಗಂಟೆಯ ಗಡುವನ್ನು ಆಕೆಯೇ ಅವನಿಗೆ ಹೇಳಿದ್ದಳಲ್ಲ.

ಶನಿವಾರ ಎರಡು ಗಂಟೆಗೆ ವ್ಯಾಯಾಮ ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ, ಸ್ವಲ್ಪ ಹೊಟ್ಟೆ ಬಂದಿತ್ತು. ಒಂಬತ್ತು ವರ್ಷದಲ್ಲಿ ಈ ಪರೀಕ್ಷೆಯನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಸಾಮಾನು ಎಲ್ಲಿದೆಯೆಂದೇ ಅವರಿಗೆ ಮರೆತುಹೋಗಿತ್ತು. ಹರಿದ ಬಲೆ, ಗಾಳಿ ಹೋದ ಚೆಂಡುಗಳ ಕೆಳಗಿನಿಂದ ಭಾರ ಎತ್ತುವ ತುಕ್ಕು ಹಿಡಿದ ಸಲಾಕೆಯನ್ನೂ ಅದಕ್ಕೆ ಸಿಕ್ಕಿಸುವ ಕಬ್ಬಿಣದ ಬಿಲ್ಲೆಗಳನ್ನೂ ಎಳೆದು ಮೈದಾನಕ್ಕೆ ತರುವಷ್ಟರಲ್ಲಿ ಮೂರೂವರೆ. ತಂದದ್ದು ಮೇಷ್ಟ್ರಲ್ಲ, ಕ್ರೇನಕ್ಕನೇ ಎರಡು ಸಲ ಓಡಾಡಿ ತಂದಳು. ಪರೀಕ್ಷೆಗೆ ಮೊದಲೇ ಪರೀಕ್ಷೆ ಮುಗಿದಿತ್ತು ಎನ್ನಿ. ಗುಮಾಸ್ತ ಜಗಲಿಯ ನೆರಳಿನಲ್ಲಿ ಕೈಕಟ್ಟಿ ನಿಂತ.

ಆಕೆ ಸೆರಗು ಬಿಗಿದು, ಚಪ್ಪಲಿ ಬಿಟ್ಟು, ಕಾಲು ಅಗಲಿಸಿ ನಿಂತಳು. ಮೊಣಕಾಲು ಬಗ್ಗಿಸಿ ಸಲಾಕೆ ಹಿಡಿದಾಗ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: "ಉಸಿರು ಬಿಡಿ ಅಣ್ಣ, ನಾನಿದೀನಿ." ಸಲಾಕೆ ಎದೆಯ ತನಕ ಬಂತು. ಅದರಿಂದ ಮೇಲಕ್ಕೆ ಯಾರನ್ನೂ ಎತ್ತಿ ಅಭ್ಯಾಸವಿಲ್ಲ, ಸಲಾಕೆ ಒಂದು ಕ್ಷಣ ಅಲ್ಲೇ ನಿಂತಿತು. ಆಗ ಜಗಲಿಯಲ್ಲಿ ನಿಂತವನ ಸಂಬಳದ ಮಾತು ನೆನಪಾಯಿತು. ತೋಳು ನೆಟ್ಟಗಾಯಿತು. ಮೂರು ಸಲ ಎತ್ತಿದಳು. ಮೂರನೇ ಸಲ ಎತ್ತಿ ಹಿಡಿದುಕೊಂಡೇ, "ಇಳಿಸ್ಲಾ ಸಾರ್, ಇನ್ನೂ ನೋಡ್ತೀರಾ?" ಎಂದು ಜಗಲಿಯ ಕಡೆಗೆ ಕೇಳಿದಳು.

"ಪಾಸು, ಪಾಸು! ಇಳಿಸಿ ತಾಯಿ," ಅಂದರು ಮೇಷ್ಟ್ರು.

ಕಚೇರಿಯಲ್ಲಿ ಮೇಷ್ಟ್ರು ಪರೀಕ್ಷೆಯ ಫಾರಂ ತುಂಬತೊಡಗಿದರು. ಅದಕ್ಕೆ ಗುಮಾಸ್ತ ಸೀಲು ಒತ್ತಿದರೆ ಸರ್ಟಿಫಿಕೇಟು ಕೈಗೆ. ಗಡಿಯಾರದಲ್ಲಿ ನಾಲ್ಕು ಹತ್ತು. ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಕೊನೆಯ ಕಾಲಂ: ಅಭ್ಯಾಸ ಮಾಡಿದ ಸ್ಥಳ ಮತ್ತು ಅವಧಿ. ಮೇಷ್ಟ್ರು ಪೆನ್ನು ತಡೆದರು.

"ಏನೂ ಇಲ್ಲ ಅಂತ ಬರೀರಿ," ಅಂದ ಗುಮಾಸ್ತ. "ಅವರೆಲ್ಲಿ ಅಭ್ಯಾಸ ಮಾಡಿದ್ದಾರೆ?"

ಕ್ರೇನಕ್ಕ ಫಾರಮಿನ ಮೇಲೆ ಅಂಗೈ ಊರಿದಳು.

"ಬರೀರಿ ಮೇಷ್ಟ್ರೇ. ಗಂಡಸರ ವಾರ್ಡು, ಮೂರನೇ ಮಹಡಿ. ಇಪ್ಪತ್ತೊಂದು ವರ್ಷ."

"ಅದನ್ನೆಲ್ಲ ಬರೆಯೋಕಾಗಲ್ಲಮ್ಮ," ಅಂದ ಗುಮಾಸ್ತ. "ಕಾಲ ಹೋಗ್ತಿದೆ, ನಿಮಗೇ ನಷ್ಟ."

"ಹೋಗ್ಲಿ. ಏನೂ ಇಲ್ಲ ಅಂತ ಬರೆದ ಕಾಗದ ನನಗೆ ಬೇಡ."

ಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು. ನಾಲ್ಕು ಹದಿನೈದು. ಆಕೆಯ ಅಂಗೈ ಫಾರಂ ಬಿಟ್ಟು ಕದಲಲಿಲ್ಲ. ನಾಲ್ಕು ಇಪ್ಪತ್ತು. ಮೇಷ್ಟ್ರು ಆ ಕೈಯನ್ನು ಮೆಲ್ಲಗೆ ಸರಿಸಿ ಅಂಗೈ ನೋಡಿದರು. ಮೆತ್ತಿದ್ದ ಸಲಾಕೆಯ ತುಕ್ಕಿನ ಕೆಳಗೆ, ಮಂಚದ ಕಬ್ಬಿಣ ಹಿಡಿದು ಕಟ್ಟಿದ ಹಳೇ ಜಡ್ಡು ಕಾಣುತ್ತಿತ್ತು. ಅವರು ಆಕೆ ಹೇಳಿದಂತೆಯೇ ಬರೆದರು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಕೆಳಗೆ ಸಹಿ ಹಾಕಿ ಫಾರಮನ್ನು ಗುಮಾಸ್ತನ ಮುಂದಿಟ್ಟರು.

ಗುಮಾಸ್ತ ಸೀಲಿನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಗಡಿಯಾರ ನೋಡಿದ.

"ಒತ್ತಿ ಸಾರ್," ಅಂದಳು ಕ್ರೇನಕ್ಕ. "ಭಾರ ಇದ್ರೆ ಹೇಳಿ, ನಾನೇ ಎತ್ತಿ ಕೊಡ್ತೀನಿ. ಇದಕ್ಕೆ ಸಂಬಳ ಬೇಡ."